ಎರಡು ಮುದ್ದೆ ನುಂಗಿದ ಅಪರಾಧಕ್ಕೆ

ಆರೋಗ್ಯ ನೆರವು ಮಂಜೂರು ಮಾಡುವ, ಹೆಚ್ಚಾಗಿ ಮಾಡದಿರುವ, ಮಾನ್ಯ ಅಧಿಕಾರಿಗಳೇ,

ನನ್ನ ಅನ್ನನಾಳದೊಳಗೆ ಬೆಳಕು ಬಿಟ್ಟು ನೋಡುವ ಪರೀಕ್ಷೆಗೆ ತಾವು ನೆರವು ನಿರಾಕರಿಸಿದ್ದೀರಿ. ಕಾರಣ: 'ಅರ್ಜಿದಾರರು ಎರಡು ರಾಗಿ ಮುದ್ದೆಗಳನ್ನು ಸರಾಗವಾಗಿ ನುಂಗಿದ್ದನ್ನು ಪರಿಶೀಲನಾ ಸಿಬ್ಬಂದಿ ಖುದ್ದು ಕಂಡಿದ್ದಾರೆ.' ಕಂಡದ್ದು ನಿಜ. ಉಂಡದ್ದೂ ನಿಜ. ಆದರೆ ಸ್ವಾಮಿ, ಅದು ಹೇಗೆ ನಡೆಯಿತೆಂದು ಹೇಳಲು ನನಗೂ ಒಂದು ಅವಕಾಶ ಬೇಡವೇ?

ವರ್ಷಗಟ್ಟಲೆ ಕಾಡಿದ ಎದೆಯುರಿಯಿಂದ ನನ್ನ ಅನ್ನನಾಳದ ಒಳಪದರ ಕೆಟ್ಟಿತ್ತು. ಹಾಗೇ ಬಿಟ್ಟರೆ ಕ್ಯಾನ್ಸರ್ ಆಗಬಹುದೆಂದು ಡಾಕ್ಟರ್ ನಯನಾ ಅವರು ಹೋದ ವರ್ಷ ಅದನ್ನು ಸುಟ್ಟು ತೆಗೆದರು. ಈಗ ಹೊಸ ಪದರ ಬಂದಿದೆ. ಕ್ಯಾಮೆರಾ ಇಳಿಸಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಆದರೆ ಹಳೆಯದರ ಚೂರು ಹೊಸದರ ಅಡಿಯಲ್ಲಿ ಉಳಿದಿರಬಹುದು, ಅಡಿಯನ್ನೂ ತೋರಿಸುವ ಬೆಳಕಿನ ಸ್ಕ್ಯಾನ್ ಮಾಡಿದರೆ ಚಿಕಿತ್ಸೆ ಪೂರ್ತಿ ಫಲಿಸಿದೆಯೇ ಎಂದು ತಿಳಿಯುತ್ತದೆ ಎಂದರು. ನಾನು ಹೊಂಗನೂರಿನ ರೇಷ್ಮೆ ಬೆಳೆಗಾರ. ಈ ಮಾತು ನನಗೆ ಒಂದೇ ಸಲಕ್ಕೆ ಅರ್ಥವಾಯಿತು. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ನೂಲು ಬಿಚ್ಚುವ ಯಾವ ರೀಲರ್ ಮೇಲಿನ ಗೂಡಷ್ಟೇ ನೋಡಿ ಬೆಲೆ ಕಟ್ಟುತ್ತಾನೆ? ನನ್ನ ಗೂಡು ಕೊಳ್ಳುವ ಖಲಂದರ್ ಸಾಹೇಬರಂತೂ ರಾಶಿಯೊಳಗೆ ಮೊಣಕೈವರೆಗೆ ಕೈ ಇಳಿಸುತ್ತಾರೆ. ತಮ್ಮ ಕಚೇರಿಗೆ ಅಷ್ಟು ಅನುಮಾನವೂ ಬರಲಿಲ್ಲ.

ಇನ್ನು ಮುದ್ದೆಯ ವಿಚಾರ. ತಮ್ಮ ಸಿಬ್ಬಂದಿ ಮನೆಗೆ ಬಂದಾಗ ಮಧ್ಯಾಹ್ನ ಒಂದೂವರೆ. ಆ ಹೊತ್ತಿನಲ್ಲಿ ಬಂದವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸುವುದು ನಮ್ಮ ಕಡೆ ಇಲ್ಲ. ಮನೆಯವನು ಜೊತೆಗೆ ಕೂರದಿದ್ದರೆ ಸಂಕೋಚಪಡುತ್ತಾರೆಂದು ನಾನೂ ಕೂತೆ. ಆ ಮಹಾನುಭಾವರು ಮುದ್ದೆಯನ್ನು ಚಪಾತಿಯಂತೆ ಅಗಿಯತೊಡಗಿದರು! ನೋಡಲಾಗಲಿಲ್ಲ. ಸಾರಿನಲ್ಲಿ ಅದ್ದಿ ಹೀಗೆ ನುಂಗಬೇಕೆಂದು ತೋರಿಸಿಕೊಟ್ಟೆ. ಅವರಿಗೆ ಬರಲಿಲ್ಲ, ಮತ್ತೆ ತೋರಿಸಿದೆ. ಕಲಿಸುತ್ತಾ ಕಲಿಸುತ್ತಾ ಒಂದು ಮುಗಿಯಿತು. ನನ್ನ ಹೆಂಡತಿ ಮುನಿಯಮ್ಮ ಇನ್ನೊಂದು ಬಡಿಸಿದಳು. ಬೇಡವೆನ್ನಲು ಮರ್ಯಾದೆ ಅಡ್ಡ ಬಂತು. ಅವರು ಬಾಯ್ತುಂಬ ಹೊಗಳಿ, ಎಲೆ ಅಡಿಕೆ ಹಾಕಿಕೊಂಡು ಹೋಗಿ ವರದಿ ಬರೆದರು. ಉಂಡ ಮನೆಯ ಜಂತೆ ಎಣಿಸುವುದೆಂದರೆ ಇದೇ ಇರಬೇಕು.

ನುಂಗಲು ಕಷ್ಟವೆಂದು ನಾನು ಅರ್ಜಿಯಲ್ಲಿ ಎಲ್ಲಾದರೂ ಬರೆದಿದ್ದೇನೆಯೇ? ಮುದ್ದೆ ಇಳಿಯಿತೆಂದರೆ ದಾರಿ ತೆರೆದಿದೆ ಎಂದಷ್ಟೇ. ಗೋಡೆಯೊಳಗೆ ಏನಿದೆಯೆಂದು ಅದು ತಮ್ಮ ಕಚೇರಿಗೆ ಬಂದು ವರದಿ ಕೊಟ್ಟಿತೇ?

ತಮ್ಮ ಪತ್ರ ಓದಿ ನಾನು ನಕ್ಕೆ. ಮುನಿಯಮ್ಮ ನಗಲಿಲ್ಲ. "ಎರಡ್ನೇದು ನಾನೇ ಅಲ್ವಾ ಇಕ್ಕಿದ್ದು? ನನ್ ಕೈಯಾರೆ ನಿನ್ ಕೆಲ್ಸ ಕೆಡಿಸ್ಬುಟ್ನಲ್ಲ" ಎಂದಳು. ಅಂದಿನಿಂದ ನಾನು ಒಸಿ ಕೆಮ್ಮಿದರೂ ಒಲೆ ಮುಂದಿನಿಂದ ಎದ್ದು ಬರುತ್ತಾಳೆ. ನನಗೂ ಭಯವಿದೆ ಸ್ವಾಮಿ, ಸುಳ್ಳೇಕೆ ಹೇಳಲಿ.

ಆದ್ದರಿಂದ ಈ ತಿಂಗಳೊಳಗೆ ಸ್ಕ್ಯಾನಿಗೆ ಮಂಜೂರಾತಿ ಕೊಡಿ. ಕೊಡಲಾಗದಿದ್ದರೆ, ಹೊಸ ಪದರದ ಅಡಿಯಲ್ಲಿ ಏನೂ ಉಳಿದಿಲ್ಲವೆಂದು ತಾವೇ ಬರೆದು, ಸಹಿ ಹಾಕಿ, ಮೊಹರು ಒತ್ತಿ ಕಳಿಸಿ. ನನ್ನ ಹೆಸರಿಗೆ ಬೇಡ, ಮುನಿಯಮ್ಮನ ಹೆಸರಿಗೆ ಕಳಿಸಿ. ಆಕೆಗೆ ಓದಲು ಬರುತ್ತದೆ.

ಇಂತಿ,
ಹೊರಗಿನಿಂದ ಗಟ್ಟಿಮುಟ್ಟಾಗಿ ಕಾಣುವ
ದೊಡ್ಡಹನುಮಯ್ಯ
ಹೊಂಗನೂರು, ಚನ್ನಪಟ್ಟಣ ತಾಲ್ಲೂಕು