ಉಪ್ಪಾದ ಬಾವಿ, ಉಳಿದ ಸಸಿ

ನರ್ಸರಿಯ ಹಿಂದಿನ ಕೋಣೆ,
ಭಾನುವಾರ, ಮಾರ್ಚ್ ೧೧

ಪ್ರೀತಿಯ ಇವಳೇ,

ನಿನ್ನ ಸೊಂಟ ನೋವು ಹೇಗಿದೆ? ಅತ್ತೆಯವರನ್ನು ಒಬ್ಬಳೇ ಎತ್ತಿ ಕೂರಿಸಬೇಡ ಎಂದು ಎಷ್ಟು ಸಲ ಬರೆದರೂ ನೀನು ಕೇಳುವವಳಲ್ಲ, ಗೊತ್ತು. ರಾತ್ರಿ ನಿದ್ದೆ ಮಾಡುತ್ತಾರಾ ಅವರು? ಹೆತ್ತ ಮಗಳಾದ ನಿನ್ನನ್ನು ಈಗಲೂ ಅಕ್ಕ ಎಂದೇ ಕರೆಯುತ್ತಾರಾ? ಕರೆದರೆ ಕರೆಯಲಿ ಬಿಡು, ಓಗೊಡು. ನನ್ನನ್ನು ಕಂಡು "ಯಾರೋ ಗಂಡಸು ಒಳಗೆ ಬಂದಿದಾನೆ, ಓಡಿಸ್ರೇ" ಎಂದು ಕೂಗಿಕೊಂಡರಲ್ಲ, ಅದಕ್ಕೆ ನನಗೆ ಸಿಟ್ಟಿಲ್ಲ. ಅವರು ಹೊದಿಕೆಯನ್ನು ಮುಖದವರೆಗೆ ಎಳೆದುಕೊಂಡದ್ದು ನೋಡಿದ ಮೇಲೆ ಮತ್ತೆ ಆ ಹೊಸಿಲು ತುಳಿಯಲು ಮನಸ್ಸಾಗಲಿಲ್ಲ, ಅಷ್ಟೆ. ನೀನಿಲ್ಲದೆ ಇದು ಎರಡನೆಯ ಬೇಸಿಗೆ. ನಾನು ಚೆನ್ನಾಗಿದ್ದೇನೆ. ಅನ್ನ ತಳ ಹಿಡಿಸುವುದರಲ್ಲಿ ನನ್ನನ್ನು ಮೀರಿಸುವವರು ಇನ್ನೂ ಹುಟ್ಟಿಲ್ಲ.

ಸಸಿಗಳ ವಿಷಯ ಹೋದ ಸಲ ಬರೆಯಲಿಲ್ಲ, ಕೈ ಬರಲಿಲ್ಲ. ನೀನು ಹೋದ ಮೇಲೆ ಕಸಿ ಕಟ್ಟಲೆಂದು ನಾನು ಬಿತ್ತಿದ ನಿಂಬೆಯ ಬೇರುಸಸಿಗಳು ಗೇಣುದ್ದ ಬಂದು ನಿಂತುಬಿಟ್ಟವು. ಮೊದಲು ಎಲೆಯ ತುದಿ ಸುಟ್ಟ ಹಾಗೆ ಕಂದಾಯಿತು, ಆಮೇಲೆ ಅಂಚು, ಆಮೇಲೆ ಬುಡದ ಎಲೆಗಳು ಒಂದೊಂದಾಗಿ ಉದುರಿದವು. ಅದಕ್ಕೆ ಕಾಂಡ ಪೆನ್ಸಿಲ್ ದಪ್ಪವಾದರೂ ಆಗಬೇಕಲ್ಲ, ಇವು ಕಡ್ಡಿಯಾಗಿಯೇ ಉಳಿದವು. ಬಾಯಾರಿವೆ ಎಂದುಕೊಂಡು ಬೆಳಿಗ್ಗೆ ಸಂಜೆ ಎರಡು ಹೊತ್ತೂ ನೀರು ಸುರಿದೆ. ಸುರಿದಷ್ಟೂ ಸೊರಗಿದವು. ಸಸಿಯ ಚೀಲಗಳ ಬಾಯಲ್ಲಿ, ಬೆವರು ಒಣಗಿದ ಅಂಗಿಯ ಮೇಲಿನ ಹಾಗೆ, ಬಿಳಿ ಪೊರೆ ಕಟ್ಟಿದಾಗ ಗೊಬ್ಬರದ್ದಿರಬೇಕು ಎಂದುಕೊಂಡೆ. ಸೋಪು ನೊರೆ ಬಿಡದಿದ್ದಾಗ ಪಾಪ, ಅಂಗಡಿಯವನನ್ನು ಬೈದು ಬಂದೆ.

ಕೊನೆಗೆ ನೀರು ಪರೀಕ್ಷೆ ಮಾಡುವ ಹೆಂಗಸು ಬಂದು ಬಾವಿಗೆ ಬಾಟಲಿ ಇಳಿಸಿದರು. ಒಂದು ಸಸಿ ಕಿತ್ತು ತೋರಿಸಿದರು. ಬಿಳಿಯಾಗಿರಬೇಕಾದ ಎಳೆಬೇರುಗಳೆಲ್ಲ ಕಂದು. "ಮಣ್ಣು ಒದ್ದೆ ಇದೆ, ಆದ್ರೂ ಇವಕ್ಕೆ ಕುಡಿಯೋಕಾಗ್ತಿಲ್ಲ ನೋಡಿ. ಉಪ್ಪು ಬಿಡ್ತಿಲ್ಲ. ನೀವು ನೀರು ಹಾಕಿದಷ್ಟೂ ಉಪ್ಪೇ ಹಾಕಿದ ಹಾಗೆ" ಎಂದರು. ಅವರು ಹೋದ ಮೇಲೆ ಸಾಲುಗಳ ನಡುವೆ ಬಹಳ ಹೊತ್ತು ಕೂತಿದ್ದೆ. ನೀರಲ್ಲೇ ನಿಂತು ಬಾಯಾರುವುದು ಎಂದರೆ ಏನೆಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಇಲ್ಲಿ ಬೇಕಾದಷ್ಟು ಜನ ಬರುತ್ತಾರೆ, ದರ ಕೇಳುತ್ತಾರೆ, ನಗುತ್ತಾರೆ, ಹೋಗುತ್ತಾರೆ. ಇತ್ತೀಚೆಗೆ ಬಾಗಿಲು ಬಡಿದುಕೊಂಡರೆ, ಗಾಳಿಯೇ ಎಂದು ಗೊತ್ತಿದ್ದೂ, "ಯಾರು?" ಅನ್ನುತ್ತೇನೆ. ಮನೆಯಲ್ಲಿ ಒಂದು ಮಾತಾದರೂ ಕೇಳಲಿ ಅಂತ.

ಟ್ಯಾಂಕರಿನಲ್ಲಿ ಸಿಹಿನೀರು ತರಿಸಿ ಚೀಲಚೀಲಕ್ಕೂ ಸುರಿದು ಉಪ್ಪು ಇಳಿಸಲು ನೋಡಿದೆ. ನಿಂಬೆಯವು ಉಳಿಯಲಿಲ್ಲ. ಉಳಿದದ್ದು ನೀನು ಹೊರಡುವ ಮುಂಚೆ ಬಿತ್ತಿದ್ದ ಸಣ್ಣ ಕಿತ್ತಳೆಯ ಸಾಲುಗಳು. "ಇವು ಆಮೆ ಜಾತಿ ಕಣೇ, ಯಾವಾಗ ಬೆಳೀತಾವೆ" ಎಂದು ರೇಗಿಸುತ್ತಿದ್ದೆನಲ್ಲ, ಅವೇ. ಆ ಬೇರು ಉಪ್ಪನ್ನು ಎಲೆಗೆ ಅಷ್ಟು ಸುಲಭವಾಗಿ ಏರಗೊಡುವುದಿಲ್ಲವಂತೆ. ತುದಿ ಸ್ವಲ್ಪ ಸುಟ್ಟಿದ್ದರೂ ಚಿಗುರಿವೆ, ಕಸಿಗೆ ಬರುವಷ್ಟು ದಪ್ಪವೂ ಆಗಿವೆ. ನಾನು ಕೈ ಹಾಕಿಲ್ಲ. ನಾನು ಕಸಿಗೆ ಕೂರಿಸಿದ ಚಿಗುರುಗಣ್ಣು ಅರ್ಧಕ್ಕರ್ಧ ಒಣಗುತ್ತದೆ, ನಿನಗೇ ಗೊತ್ತು. ನಿನ್ನ ಕಸಿ ಚಾಕುವಿಗೆ ಆಗಾಗ ಎಣ್ಣೆ ಒರೆಸಿ ಇಡುತ್ತೇನೆ.

ಅತ್ತೆಯವರಿಗೆ ನನ್ನ ನಮಸ್ಕಾರ ಬಾಯಿಬಿಟ್ಟು ಹೇಳಬೇಡ, ಗಾಬರಿಯಾದಾರು. ಕಾಲು ಒತ್ತುವಾಗ ನನ್ನ ಪಾಲಿನದ್ದೂ ಸ್ವಲ್ಪ ಒತ್ತು. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ,
ಇವರು

ಹೇಳಬೇಕಾದ್ದೇ ಉಳಿಯಿತು: ಈ ಬಾವಿ ಸದ್ಯಕ್ಕೆ ಸಿಹಿಯಾಗುವುದಿಲ್ಲವಂತೆ, ಕಿತ್ತಳೆ ಸಸಿಗಳೂ ಇದರಲ್ಲಿ ಬಹಳ ದಿನ ತಡೆಯಲಾರವಂತೆ. ಜಾಗ ಬಿಟ್ಟುಕೊಡುತ್ತೇನೆಂದು ಒಡೆಯರಿಗೆ ಹೇಳಿಬಿಟ್ಟೆ. ಮುಂದಿನ ವಾರದ ಶುಕ್ರವಾರ ಲಾರಿಯಲ್ಲಿ ಸಸಿಗಳ ಜೊತೆ ನಾನೂ ಬರುತ್ತೇನೆ. ನಿಮ್ಮ ಹಿತ್ತಲಿನ ನೀರು ಸಿಹಿ. ಸೌದೆ ಕೊಟ್ಟಿಗೆಯಲ್ಲಿ ಒಂದು ಚಾಪೆಯಷ್ಟು ಜಾಗ ಮಾಡು, ಮನೆಯೊಳಗೆ ಬರುವುದಿಲ್ಲ. ಅತ್ತೆ ಕಿಟಕಿಯಿಂದ ನೋಡಿ ಯಾರದು ಎಂದರೆ, ಗಿಡಕ್ಕೆ ನೀರು ಹಾಕಲು ಬಂದವನು ಎಂದುಬಿಡು. ಬೇಡ ಅನ್ನುವುದಿದ್ದರೆ ಅಷ್ಟರೊಳಗೆ ಬರೆ. ಬರೆಯಬೇಡ, ಮಾರಾಯ್ತಿ.