ಹಿತ್ತಲಿನ ಮೀನು

ಬಂದರಿನ ಮನೆ,
ಹದಿನಾಲ್ಕನೇ ತಾರೀಕು, ಭಾನುವಾರ

ಪ್ರೀತಿಯ ಅಣ್ಣಾ,

ಕ್ಷೇಮ ವಿಚಾರಿಸುವ ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಕೊನೆಯವರೆಗೂ ಗಂಟಲಲ್ಲೇ ಸಿಕ್ಕಿಕೊಂಡಿರುತ್ತದೆ. ಯಾವ ದೋಣಿಗೆ ಕಾಲಿಡಬೇಡ ಎಂದು ಹೊರಡುವ ದಿನ ಎರಡೆರಡು ಸಲ ಹೇಳಿ ಹೋದೆಯೋ, ಅದೇ ದೋಣಿಯಲ್ಲಿ ನಾನು ಮಳೆ ನಿಂತಾಗಿನಿಂದ ಕೆಲಸ ಮಾಡುತ್ತಿದ್ದೆ. ಹೌದು, ಬಿಳಿಬೂಟಿನವನ ದೋಣಿಯೇ. ಕೆಲಸ ಸಿಕ್ಕಿತು ಎಂದು ಬರೆದಿದ್ದೆ. ಎಲ್ಲಿ ಎಂದು ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಸುಳ್ಳು ಬರೆದಿಲ್ಲ, ಮುಚ್ಚಿಟ್ಟಿದ್ದು ಮಾತ್ರ ನಿಜ. ಈಗ ಹೇಳು, ಹೇಗಿದ್ದೀಯ? ಹಡಗಿನ ಅಡುಗೆಮನೆಯ ಸೆಖೆಗೆ ಬೆನ್ನ ಮೇಲೆ ಎದ್ದಿದ್ದ ಬೆವರುಗುಳ್ಳೆ ಇಳಿಯಿತಾ? ಪೌಡರ್ ಮೆತ್ತಿಕೊಳ್ಳಬೇಡ, ತಣ್ಣೀರಲ್ಲಿ ತೊಳಿ ಎಂದು ಅಮ್ಮ ಹೇಳಿದ್ದಾಳೆ. ಅಮ್ಮನನ್ನು ಲಾಂಡ್ರಿಯಲ್ಲಿ ಇಸ್ತ್ರಿ ತಪ್ಪಿಸಿ ಬಟ್ಟೆ ಮಡಿಸುವ ಮೇಜಿಗೆ ಹಾಕಿದ್ದಾರೆ, ಕೂತು ಮಾಡುವ ಕೆಲಸ, ಮಂಡಿನೋವು ಕಡಿಮೆ. ಅಪ್ಪನ ಕಣ್ಣು ಇದ್ದ ಹಾಗೆಯೇ ಇದೆ. ಬಾಗಿಲು ಎಲ್ಲಿದೆ ಎಂದು ಕಾಣುತ್ತದೆ, ಬಾಗಿಲಲ್ಲಿ ಯಾರು ನಿಂತಿದ್ದಾರೆ ಎಂದು ಕಾಣುವುದಿಲ್ಲ. ಆದರೂ ಹಿಂದಿನ ಮೆಟ್ಟಿಲ ಮೇಲೆ ಕೂತು ಗಾಳಕ್ಕೆ ದಾರ ಕಟ್ಟುತ್ತಾನೆ, ಅವನು ಹಾಕಿದ ಗಂಟು ನನ್ನ ಹಲ್ಲಿಗೂ ಬಿಚ್ಚುವುದಿಲ್ಲ.

ಬಿಳಿಬೂಟಿನವನ ಕೆಲಸ ನಿನಗೆ ಗೊತ್ತೇ ಇದೆ. ಊರಿನ ಅನುಕೂಲಸ್ಥರು ದೋಣಿ ಬಾಡಿಗೆಗೆ ಹಿಡಿಯುತ್ತಾರೆ, ಇವನು ನೀರಿನಡಿ ಬಂಡೆಗಳಿರುವ ಕಡೆ ದೋಣಿ ನಿಲ್ಲಿಸಿ ಅವರ ಕೈಗೆ ಗಾಳದ ರಾಡು ಕೊಡುತ್ತಾನೆ, ಸಂಜೆ ಅವರವರು ಹಿಡಿದ ಮೀನನ್ನು ಶುಚಿಮಾಡಿ ಐಸಿನಲ್ಲಿಟ್ಟು ಮನೆಗೆ ಕಳಿಸುತ್ತಾನೆ. ಮೀನಿನ ದೋಣಿಯಲ್ಲಿ ಬಿಳಿ ಬೂಟು ಹಾಕಿಕೊಂಡು ಕಲೆ ಮಾಡಿಕೊಳ್ಳದೆ ಇಳಿಯುವವನು ಅವನೊಬ್ಬನೇ ಇರಬೇಕು. ಕಲೆಯಾಗುವ ಕೆಲಸವೆಲ್ಲ ನನ್ನದು. ಎರೆ ಕತ್ತರಿಸುವುದು, ಗಾಳಕ್ಕೆ ಸಿಕ್ಕಿಸುವುದು, ಲಂಗರು ಬಿಡುವುದು, ವಾಪಸ್ ಬರುವಾಗ ಹಿಂಬದಿಯ ಹಲಗೆಯ ಮೇಲೆ ಮೀನು ಸೀಳುವುದು. ನನಗೆ ಹಿಡಿಸಿತ್ತು, ಅಣ್ಣಾ. ಶಾಲೆಯ ಬೆಂಚಿನ ಮೇಲೆ ಒಂದು ಗಳಿಗೆ ಕೂರಲಾರದವಳು ಆ ದೋಣಿಯಲ್ಲಿ ದಿನವಿಡೀ ನಿಂತೇ ಇರುತ್ತಿದ್ದೆ, ಸುಸ್ತೇ ಆಗುತ್ತಿರಲಿಲ್ಲ. ನೀನು ಬೇಡ ಎಂದಿದ್ದು ನಾನು ನೀರಿಗೆ ಬಿದ್ದೇನು ಎಂಬ ಕಾಳಜಿಯಿಂದ ಎಂದುಕೊಂಡು, ಒಳಗೊಳಗೇ ಖುಷಿಯನ್ನೂ ಪಟ್ಟಿದ್ದೆ.

ಮೊನ್ನೆ ಶುಕ್ರವಾರ ಬಂದವರಲ್ಲಿ ಒಬ್ಬ ಬೇಕರಿಯವನು, ಅವನ ಅತ್ತೆ, ಒಬ್ಬ ಹಲ್ಲಿನ ಡಾಕ್ಟರು, ಅವರ ಸ್ನೇಹಿತರು. ದೊಡ್ಡ ಬಂಡೆಯ ಹತ್ತಿರ ನೀರಿನ ಸೆಳೆತ ಜೋರಾಗಿತ್ತು, ಸೀಸದ ಗುಂಡು ತಳ ಮುಟ್ಟುವ ಮೊದಲೇ ದಾರ ಅಡ್ಡ ಹೋಗುತ್ತಿತ್ತು. ಮಧ್ಯಾಹ್ನವಾದರೂ ಬೆರಳುದ್ದದ ಪಟ್ಟೆಮೀನು ಬಿಟ್ಟು ಬೇರೆ ಏನೂ ಇಲ್ಲ. "ಬಾಯಿ ತೆಗೆಯೋರೇ ಇಲ್ವಲ್ಲ ಇವತ್ತು" ಎಂದು ಡಾಕ್ಟರು ತಮ್ಮ ಜೋಕಿಗೆ ತಾವೇ ನಕ್ಕರು. ಬೇಕರಿಯವನ ಅತ್ತೆ ನಗಲಿಲ್ಲ. "ಅಳಿಯಂದ್ರೇ, ಇದಕ್ಕಿಂತ ದೊಡ್ಡದನ್ನ ಮಾರ್ಕೆಟ್ಟಲ್ಲಿ ಬೆಕ್ಕಿಗೆ ಹಾಕ್ತಾರೆ. ಸಂಜೆ ನೆಂಟರು ಬರ್ತಾರೆ ಅಂತ ಹೇಳಿಟ್ಟಿದೀನಿ, ಅವರಿಗೆ ನಿಮ್ಮ ಬನ್ನು ಬಡಿಸಲಾ?" ಎಂದಾಗ ಅಳಿಯ ಸಮುದ್ರದ ಕಡೆ ಮುಖ ತಿರುಗಿಸಿಕೊಂಡ. ಆಗ ಬಿಳಿಬೂಟಿನವನು "ನನ್ನತ್ರ ಇನ್ನೊಂದು ಜಾಗ ಇದೆ, ಎಲ್ಲರನ್ನೂ ಕರ್ಕೊಂಡು ಹೋಗಲ್ಲ" ಎಂದು ದೋಣಿ ತಿರುಗಿಸಿದ.

ನಾನು ಮುಂಬದಿಯಲ್ಲಿ ತಲೆ ಬಗ್ಗಿಸಿ ಲಂಗರಿನ ಹಗ್ಗದ ಸಿಕ್ಕು ಬಿಡಿಸುತ್ತಿದ್ದೆ. ಎಂಜಿನ್ ಸದ್ದು ಇಳಿಯಿತು. ಚುಕ್ಕಾಣಿಯಿಂದ ಅವನು ಕೂಗಿದ: "ಏ ಹುಡುಗಿ, ಟ್ಯಾಂಕಿ ಕಾಲು ಹಲ್ಲಿನ ಸಂದೀಲಿ ಕೂತಿತಾ ನೋಡು." ನಾನು ತಲೆಯೆತ್ತಿ ದಡದ ಕಡೆ ನೋಡಿ "ಕೂತಿತು" ಎಂದೆ. ಚಿಕ್ಕಂದಿನಿಂದ ನಿನಗೆ ಹಾಗೇ ಕೂಗಿ ಹೇಳಿ ಅಭ್ಯಾಸ, ನಾಲಿಗೆ ತಾನಾಗಿಯೇ ಆಡಿತು. "ಹಾಗಾದ್ರೆ ಬಿಡು" ಎಂದ. ಲಂಗರು ಬಿಟ್ಟೆ. ಹಗ್ಗ ಕೈಯೊಳಗಿಂದ ಸರಸರ ಇಳಿಯುತ್ತಿರುವಾಗ ನಾನು ಎಲ್ಲಿದ್ದೇನೆ ಎಂದು ಹೊಳೆಯಿತು.

ಹಿತ್ತಲು, ಅಣ್ಣಾ. ನಮ್ಮ ಹಿತ್ತಲು. ಬೀದಿಯವರಿಗೆ ಗೊತ್ತಾಗಬಾರದು ಎಂದು ಅಪ್ಪ ಆ ಜಾಗಕ್ಕೆ ಇಟ್ಟ ಹೆಸರು. "ಹಿತ್ತಲಿಗೆ ಹೋಗಿ ಬರ್ತೀವಿ" ಎಂದು ಅಮ್ಮನಿಗೆ ಹೇಳಿ ನಾವು ಮೂವರು ಹುಟ್ಟುದೋಣಿ ಹತ್ತುತ್ತಿದ್ದೆವು. ದಡದ ಮೇಲಿನ ನೀರಿನ ಟ್ಯಾಂಕಿಯ ಕಾಲು ಇಟ್ಟಿಗೆ ಕಾರ್ಖಾನೆಯ ಎರಡು ಚಿಮಣಿಗಳ ನಡುವೆ ಬರಬೇಕು, ಇನ್ನೊಂದು ಕಡೆ ಗುಡ್ಡದ ಒಂಟಿಮರ ದೀಪಸ್ತಂಭದ ಬುಡಕ್ಕೆ ತಾಗಬೇಕು. ಎರಡೂ ಒಟ್ಟಿಗೆ ಸೇರಿದ ಕಡೆ ಕೆಳಗೆ ಬಂಡೆ. ಅಪ್ಪ ಯಾವತ್ತೂ ಚಿಮಣಿ ಎಂದೇ ಹೇಳುತ್ತಿದ್ದ. ಮೊದಲ ಸಲ ಹೋದಾಗ ನಿನ್ನ ಮುಂದಿನ ಹಲ್ಲು ಬಿದ್ದಿತ್ತು, ಆ ಎರಡು ಚಿಮಣಿ ನೋಡಿ ನೀನು "ನನ್ನ ಹಲ್ಲಿನ ಸಂದಿ ಥರ ಇದೆ" ಎಂದಿದ್ದೆ. ಆಮೇಲೆ ನಮಗಿಬ್ಬರಿಗೆ ಅದು ಹಲ್ಲಿನ ಸಂದಿಯೇ ಆಯಿತು. ಬಿಳಿಬೂಟಿನವನು ನೀರಿನ ತಳ ತೋರಿಸುವ ಯಂತ್ರದಲ್ಲಿ ಹುಡುಕಿ ಕಂಡುಕೊಂಡಿದ್ದರೆ, ಇಲ್ಲಾ ನಮ್ಮನ್ನು ಹಿಂಬಾಲಿಸಿ ಬಂದು ನೋಡಿದ್ದರೆ, ಆ ಮಾತು ಅವನ ಬಾಯಿಗೆ ಎಲ್ಲಿಂದ ಬರುತ್ತಿತ್ತು?

ಕೇಳಿಯೇ ಬಿಟ್ಟೆ. ನನಗೆ ಕೇಳದೆ ಇರಲು ಬರುವುದಿಲ್ಲ. ಅವನಿಗೆ ಮುಚ್ಚಿಡಬೇಕು ಎಂದು ಅನ್ನಿಸಲೇ ಇಲ್ಲ. "ನಿಮ್ಮಣ್ಣ ತೋರಿಸಿದ ಜಾಗ ಇದು, ನಿಂಗೆ ಹೇಳಿಲ್ವಾ? ನನ್ನ ಷಡ್ಡಕ ಹಡಗಿನ ಕಂಪನೀಲಿ ಅವನಿಗೋಸ್ಕರ ಸುಮ್ಮನೆ ಮಾತಾಡಿದ ಅಂದ್ಕೊಂಡ್ಯಾ? ಕೊಟ್ಟು ತಗೊಳ್ಳೋ ವ್ಯವಹಾರ, ತಾಯಿ" ಎಂದು ನಕ್ಕ. ಅಣ್ಣಾ, ಅಷ್ಟು ಜನರ ಸಂದರ್ಶನದಲ್ಲಿ ನಿನ್ನೊಬ್ಬನನ್ನೇ ಆರಿಸಿದರು ಎಂದು ನೀನೇ ಬಂದು ಹೇಳಿದ್ದೆ. ಅಪ್ಪ ಅದನ್ನು ಇಡೀ ಬೀದಿಗೆ ಹೇಳಿ ಬಂದ. ಕ್ಷೌರದ ಅಂಗಡಿಯವನಿಗೆ ಇನ್ನೂ ಹೇಳುತ್ತಲೇ ಇದ್ದಾನೆ.

ಆಮೇಲೆ ನಡೆದಿದ್ದನ್ನೂ ನೀನು ಓದಬೇಕು. ದಾರ ಬಿಟ್ಟ ತಕ್ಷಣ ಎಲ್ಲರ ರಾಡೂ ಬಾಗಿದವು. ಕೆಂಪು ಮೀನು, ದಪ್ಪ ತುಟಿಯ ಬಂಡೆಮೀನು, ಒಂದಾದ ಮೇಲೊಂದು. ಅಪ್ಪನ ಲೆಕ್ಕದಲ್ಲಿ ತಲೆಗೆ ಎರಡು, ಆಮೇಲೆ ದಾರ ಸುತ್ತಿ ಮನೆಗೆ. ಇಲ್ಲಿ ಐಸಿನ ಪೆಟ್ಟಿಗೆ ತುಂಬಿ ಮುಚ್ಚಳ ಕೂರದಿದ್ದಾಗ ಬೇಕರಿಯವನ ಅತ್ತೆ ಅದರ ಮೇಲೆ ಕೂತರು, ಕೂತಲ್ಲಿಂದಲೇ ಇನ್ನೊಂದು ಎಳೆದರು. ಆಳದಿಂದ ಬೇಗ ಎಳೆದರೆ ಮೀನಿನೊಳಗಿನ ಗಾಳಿ ಉಬ್ಬಿ ಕರುಳು ಬಾಯಿಗೆ ಬರುತ್ತದೆ. ಚಿಕ್ಕವನ್ನು ಇವರು ವಾಪಸ್ ನೀರಿಗೆ ಎಸೆದರು, ಅವು ಮುಳುಗಲಾರದೆ ಹೊಟ್ಟೆ ಮೇಲೆ ಮಾಡಿ ದೋಣಿಯ ಸುತ್ತ ತೇಲಿದವು, ಹಕ್ಕಿಗಳು ಇಳಿದವು. ಅಪ್ಪ ಚಿಕ್ಕದು ಬಂದರೆ ಭಾರ ಕಟ್ಟಿದ ಮೊಂಡು ಗಾಳಕ್ಕೆ ಅದರ ತುಟಿ ಸಿಕ್ಕಿಸಿ ತಳದವರೆಗೆ ಇಳಿಸಿ, ಒಮ್ಮೆ ಜಗ್ಗಿ ಬಿಡಿಸುತ್ತಿದ್ದನಲ್ಲ, ನಾನು ಹಾಗೆ ಕೆಲವನ್ನು ಇಳಿಸಿದೆ. "ಮೀನಿಗೆ ಲಿಫ್ಟ್ ಕೊಟ್ಟಿದ್ದು ಸಾಕು, ಡಾಕ್ಟ್ರ ಗಾಳಕ್ಕೆ ಎರೆ ಹಾಕು" ಎಂದ ಬಿಳಿಬೂಟಿನವನು. ಹಾಕಿದೆ. ಹಗ್ಗ ಕತ್ತರಿಸಿದೆ, ಜಗಳವಾಡಿದೆ ಎಂದೆಲ್ಲ ಬರೆಯಬಹುದಿತ್ತು, ಆದರೆ ಹಾಗೇನೂ ಮಾಡಲಿಲ್ಲ, ಎರೆ ಹಾಕುತ್ತಲೇ ಇದ್ದೆ. ಹೊರಡುವಾಗ ಲಂಗರು ಎಳೆದರೆ ಅದರ ಕೊಕ್ಕೆಯಲ್ಲಿ ಅಂಗೈಯಗಲದ ಹವಳದ ಕೊಂಬೆ ಮುರಿದುಕೊಂಡು ಬಂತು. ಹಿತ್ತಲಿನಲ್ಲಿ ಲಂಗರು ಬಿಡಬಾರದು ಎಂದು ಅಪ್ಪ ಇಡೀ ಹೊತ್ತು ಹುಟ್ಟು ಹಾಕುತ್ತಾ ದೋಣಿಯನ್ನು ನಿಂತಲ್ಲೇ ನಿಲ್ಲಿಸುತ್ತಿದ್ದುದು ನೆನಪಿದೆಯಾ? ಅವನ ಭುಜ ಹೋಗಿದ್ದು ಹಾಗೆ.

ದೋಣಿಯಿಂದ ಇಳಿದ ಮೇಲೆ ನಾಳೆಯಿಂದ ಬರುವುದಿಲ್ಲ ಎಂದು ಹೇಳಿದೆ. ಬಿಳಿಬೂಟಿನವನು ಕೋಪ ಮಾಡಿಕೊಳ್ಳದೆ ಒಂದು ಕೆಂಪು ಮೀನನ್ನು ನನ್ನ ಚೀಲಕ್ಕೆ ಹಾಕಿದ. ಬೇಡ ಎನ್ನಬೇಕಿತ್ತು. ಎನ್ನಲಿಲ್ಲ, ಮನೆಯಲ್ಲಿ ರಾತ್ರಿಗೆ ಏನೂ ಇರಲಿಲ್ಲ. ಅಪ್ಪ ಎಂದಿನಂತೆ ಮೀನು ಕೈಗೆ ತೆಗೆದುಕೊಂಡು ತೂಕ ನೋಡಿದ, ಹೆಬ್ಬೆರಳಿನಿಂದ ಅದರ ಕೆಳತುಟಿ ಸವರಿದ. ಹಿತ್ತಲಿನ ಮೀನಿಗೆ ಬಂಡೆಗೆ ಉಜ್ಜಿ ಉಜ್ಜಿ ತುಟಿ ಒರಟಾಗಿರುತ್ತದೆ ಎಂದು ಅವನು ಹೇಳುವಾಗೆಲ್ಲ ನಾವಿಬ್ಬರೂ ಬೆನ್ನ ಹಿಂದೆ ನಗುತ್ತಿದ್ದೆವು. ಅವನು ಇನ್ನೊಮ್ಮೆ ಸವರಿ ಕೇಳಿದ: "ಹುಟ್ಟುದೋಣಿ ತಗೊಂಡು ಹೋಗಿದ್ಯಾ, ಮಗಾ?" ಹೂಂ ಎಂದಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. "ಇಲ್ಲ ಅಪ್ಪ, ಕೆಲಸದ ದೋಣಿ" ಎಂದೆ. ಮೀನನ್ನು ನೆಲದ ಮೇಲೆ ಇಟ್ಟು, ಕೊಡದ ಹತ್ತಿರ ತಡವುತ್ತಾ ಹೋಗಿ ಕೈ ತೊಳೆದುಕೊಂಡ. ಊಟ ಮಾಡಲಿಲ್ಲ. ಮಲಗುವ ಮೊದಲು ಅಮ್ಮನ ಹತ್ತಿರ ಹೇಳಿದ, ನನಗೂ ಕೇಳಲಿ ಎಂದೇ ಹೇಳಿದ: "ದೊಡ್ಡವನು ಇದ್ದಿದ್ರೆ ಹೀಗೆ ಮಾಡ್ತಿರ್ಲಿಲ್ಲ."

ಜಾಗ ತೋರಿಸಿಕೊಟ್ಟವಳು ನಾನೇ ಎಂದುಕೊಂಡಿದ್ದಾನೆ, ಆದರೂ ನಾನು ನಿನ್ನ ಹೆಸರು ಎತ್ತಲಿಲ್ಲ. ನಿನ್ನನ್ನು ಕಾಪಾಡಲು ಎಂದುಕೊಳ್ಳಬೇಡ. ನಾನು ಹೇಳಿದರೆ ತಪ್ಪು ಮಾಡಿ ಅಣ್ಣನ ತಲೆಗೆ ಕಟ್ಟುತ್ತಿದ್ದಾಳೆ ಎನ್ನುತ್ತಾನೆ, ಇಲ್ಲಾ ನಂಬಿಬಿಡುತ್ತಾನೆ. ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದು ಎಂದು ನನಗೆ ಗೊತ್ತಾಗುತ್ತಿಲ್ಲ. ನಿನಗೆ ಕೆಲಸ ಬೇಕಿತ್ತು, ಗೊತ್ತು. ಅಪ್ಪನನ್ನು ಕೇಳಿದ್ದರೆ, ಬೈದು ಕೂಗಾಡಿ ಆಮೇಲೆ ತಾನೇ ಬಂದು ತೋರಿಸಿ ಕೊಡುತ್ತಿದ್ದನೋ ಏನೋ. ನೀನು ಕೇಳಲಿಲ್ಲ. ನನಗೂ ಹೇಳಲಿಲ್ಲ. ದೋಣಿಗೆ ಹತ್ತಬೇಡ ಎಂದು ಮಾತ್ರ ಹೇಳಿದೆ, ಕಾಳಜಿಯ ದನಿಯಲ್ಲಿ. ನನಗೆ ಹೆಚ್ಚು ಉರಿಯುವುದು ಆ ದನಿಗೆ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಬೆನ್ನು ನೋಡಿಕೋ. ನಿನ್ನ ಜೊತೆ ಅಡುಗೆಮನೆಯಲ್ಲಿರುವವರಿಗೆ ನನ್ನ ನಮಸ್ಕಾರ ತಿಳಿಸು. ಅಮ್ಮನ ಆಶೀರ್ವಾದ ಯಾವಾಗಲೂ ಇದೆ. ಅಪ್ಪನದೂ ಇದೆ, ಈಗ ಮೊದಲಿಗಿಂತ ಹೆಚ್ಚಾಗಿಯೇ ಇದೆ.

ಇಂತಿ ನಿನ್ನ ತಂಗಿ,
ಗಿರಗಿಟ್ಲೆ

ತಾ. ಕ.: ಬರೆದು ಮಡಿಚಿದ ಮೇಲೆ ಮತ್ತೆ ಬಿಚ್ಚಿದೆ. ಇಷ್ಟು ದಿನ ನಿನ್ನ ಕಾಗದಗಳನ್ನು ಅಪ್ಪನಿಗೆ ಓದಿ ಹೇಳುತ್ತಿದ್ದವಳು ನಾನು. ಇನ್ನು ಮುಂದೆ ಅಮ್ಮ ಓದುತ್ತಾಳೆ. ಅಕ್ಷರ ಕೂಡಿಸಿಕೊಂಡು ನಿಧಾನಕ್ಕೆ ಓದುತ್ತಾಳೆ, ಒಂದನ್ನೂ ಬಿಡುವುದಿಲ್ಲ, ಅದಕ್ಕೆ ದುಂಡಗೆ ಬರೆ. ಹಿತ್ತಲನ್ನು ಯಾರು ತೋರಿಸಿದರು ಎಂಬುದನ್ನು ನೀನೇ ಬರೆ. ನಾನು ಅವರಿಗೆ ಏನನ್ನೂ ಹೇಳಿಲ್ಲ, ಹೇಳುವುದೂ ಇಲ್ಲ. ಆದರೆ ಅಪ್ಪ ಊಟಕ್ಕೆ ನನ್ನ ಪಕ್ಕ ಕೂರುತ್ತಿಲ್ಲ, ತಟ್ಟೆ ಹಿಡಿದು ಮೆಟ್ಟಿಲಿಗೆ ಹೋಗುತ್ತಾನೆ, ಅದನ್ನು ನೋಡುತ್ತಾ ಇಲ್ಲಿರಲು ನನ್ನಿಂದ ಆಗುವುದಿಲ್ಲ. ಆಚೆ ಬಂದರಿನಲ್ಲಿ ಎಂಜಿನ್ ರಿಪೇರಿ ಮಾಡುವ ಶೆಡ್ಡಿನಲ್ಲಿ ಕೆಲಸ ಸಿಕ್ಕಿದೆ. ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ.