ಪಾರ್ಕಿನ ಬೋರ್ಡಿಗೆ ನಿಮ್ಮ ದಿನಚರಿ

ಅಪ್ಪನಿಗೆ,

ಕ್ಷೇಮವೇ ಎಂದು ಕೇಳುವುದಿಲ್ಲ. ಕ್ಷೇಮವಾಗಿರುವುದೊಂದೇ ನಿಮಗೆ ಚೆನ್ನಾಗಿ ಬರುತ್ತಿದ್ದ ವಿದ್ಯೆ. ಅಲ್ಲೂ ಅದನ್ನು ಸಾಧಿಸಿಯೇ ಇರುತ್ತೀರಿ.

ಹೋದ ವಾರ ನಿಮ್ಮ ವಾಕಿಂಗ್ ಗುಂಪಿನ ಶೇಷಾದ್ರಿ ಅಂಕಲ್ ಬನಶಂಕರಿಯ ಮನೆಗೆ ಬಂದಿದ್ದರು. "ತೊಂಬತ್ತೆರಡು ವರ್ಷ ಒಂದ್ ಮಾತ್ರೆ ಇಲ್ದೆ ಬದುಕಿದ್ರಮ್ಮ ನಿಮ್ಮಪ್ಪ. ಅವರ ದಿನಚರಿ ಬರ್ಕೊಡು, ಪಾರ್ಕ್ ಗೇಟ್ ಹತ್ರ ಬೋರ್ಡ್ ಹಾಕಿಸ್ತೀವಿ. ನಾಲ್ಕು ಜನ ನೋಡಿ ಕಲೀಲಿ" ಅಂದರು. ಕಾಫಿ ಕೊಟ್ಟು, ಆಗಲಿ ಎಂದೆ.

ಬರೆಯಲು ಕೂತಾಗ ಮೊದಲು ನೆನಪಾದದ್ದು ಬೆಳಿಗ್ಗೆ ಐದರ ನಿಮ್ಮ ಬಿಸಿನೀರು. ಅದನ್ನು ಕಾಯಿಸಲು ಅಮ್ಮ ನಾಲ್ಕೂವರೆಗೆ ಏಳುತ್ತಿದ್ದಳು. ನೀವು ವಾಕಿಂಗ್ ಮುಗಿಸಿ ಬರುವಷ್ಟರಲ್ಲಿ ಬಿಸಿಬಿಸಿ ತಿಂಡಿ. ಫ್ರಿಜ್ಜಿನಲ್ಲಿಟ್ಟದ್ದು ವಿಷ ಎನ್ನುತ್ತಿದ್ದಿರಿ, ಹೊತ್ತು ಹೊತ್ತಿಗೂ ಹೊಸ ಅಡುಗೆಯೇ ಆಗಬೇಕಿತ್ತು. ಉಳಿದದ್ದನ್ನು ಚೆಲ್ಲಿದರೂ ರೇಗುತ್ತಿದ್ದಿರಿ. ಹಾಗಾದರೆ ಆ ವಿಷವನ್ನು ದಿನಾ ತಿಂದವರು ಯಾರು? ಅಮ್ಮ ತಂಗಳನ್ನಕ್ಕೆ ಒಗ್ಗರಣೆ ಹಾಕಿಕೊಂಡು ಅಡುಗೆಮನೆಯಲ್ಲಿ ನಿಂತೇ ತಿನ್ನುತ್ತಿದ್ದಳಲ್ಲ, ನೀವು ಒಂದು ದಿನವಾದರೂ...

ಅವಳಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ದಿನ ನೆನಪಿದೆಯೇ? ಜಯನಗರದ ಡಾಕ್ಟರು ನಿಮ್ಮ ಕಡೆ ತಿರುಗಿ, "ಇವರನ್ನೂ ಜೊತೇಲಿ ವಾಕಿಂಗ್ ಕರ್ಕೊಂಡ್ ಹೋಗಿ ಸಾರ್" ಎಂದಿದ್ದರು. ಅಮ್ಮ ಅವತ್ತೇ ಫೋರ್ತ್ ಬ್ಲಾಕಿನಲ್ಲಿ ಬಿಳಿ ಕ್ಯಾನ್ವಾಸ್ ಶೂ ಕೊಂಡಳು. ಮಾರನೆಯ ಬೆಳಿಗ್ಗೆ ಅದನ್ನು ಹಾಕಿಕೊಂಡು, ಸೀರೆ ತುಸು ಎತ್ತಿ ಕಟ್ಟಿ, ಬಾಗಿಲಲ್ಲಿ ನಿಂತಿದ್ದಳು.

"ನೀನು ಬಂದ್ರೆ ತಿಂಡಿ ಯಾರ್ ಮಾಡ್ತಾರೆ? ದಿನಾ ಮನೇಲಿ ಓಡಾಡ್ತೀಯಲ್ಲ, ಅದೇ ವಾಕಿಂಗು" ಎಂದು ನೀವು ಗೇಟು ಹಾಕಿಕೊಂಡು ಹೋದಿರಿ. ನಾನು ಅಲ್ಲೇ ಪೇಪರ್ ಓದುತ್ತಿದ್ದೆ. ನಾನೂ ಬಾಯಿ ಬಿಡಲಿಲ್ಲ ಅಪ್ಪ. ನನಗೂ ತಿಂಡಿ ಬೇಕಿತ್ತು.

ಅಮ್ಮ ಅರವತ್ತೊಂದಕ್ಕೆ ಹೋದಳು. ವೈಕುಂಠ ಸಮಾರಾಧನೆಯ ಮರುದಿನ ಐದು ಗಂಟೆಗೆ ನೀವು ನನ್ನ ಕೋಣೆಯ ಬಾಗಿಲು ತಟ್ಟಿದಿರಿ. ಅಳುತ್ತಿದ್ದೀರೇನೋ ಎಂದು ಓಡಿ ಬಂದು ತೆಗೆದೆ. "ಬಿಸಿನೀರು" ಎಂದಿರಿ, ಅಷ್ಟೇ. ನೀವಿರುವವರೆಗೂ ನಾನು ನಾಲ್ಕೂವರೆಗೆ ಎದ್ದೆ.

ದಿನಚರಿ ಬರೆದುಕೊಟ್ಟೆ. ಶೇಷಾದ್ರಿ ಅಂಕಲ್ ಓದುತ್ತಾ ಓದುತ್ತಾ ಕನ್ನಡಕ ತೆಗೆದು ಒರೆಸಿಕೊಂಡರು. "ಇದೇನಮ್ಮ ವನಜಾ, ಇದ್ರಲ್ಲಿ ಬರೀ ನಿಮ್ಮಮ್ಮನ ಕೆಲಸಾನೇ ಇದೆ?"

"ಕೊನೇ ಸಾಲೂ ಓದ್ಬಿಡಿ ಅಂಕಲ್."

ಕೊನೆಯಲ್ಲಿ ಬರೆದಿದ್ದೆ: ಇಷ್ಟನ್ನು ಮಾಡಿದವಳು ಅರವತ್ತೊಂದು ವರ್ಷ ಬದುಕಿದಳು, ಮಾಡಿಸಿಕೊಂಡವರು ತೊಂಬತ್ತೆರಡು.

ಬೋರ್ಡು ಹಾಕಿಸುವುದಿಲ್ಲವಂತೆ. ಗುಂಪಿನಲ್ಲಿ ಎಲ್ಲರಿಗೂ ಬೇಜಾರಾಗುತ್ತದಂತೆ.

ಇನ್ನೊಂದು ಸುದ್ದಿ. ನನಗೂ ಸಕ್ಕರೆ ಬಂದಿದೆ. ಅಟ್ಟದಿಂದ ಅಮ್ಮನ ಶೂ ಇಳಿಸಿದೆ. ಅದರ ತಳಕ್ಕೆ ಇನ್ನೂ ಮಣ್ಣು ತಾಗಿಲ್ಲ, ನನ್ನ ಕಾಲಿಗೆ ಸರಿಯಾಗಿದೆ. ನಾಳೆ ಬೆಳಿಗ್ಗೆಯಿಂದ ಪಾರ್ಕಿಗೆ ಹೋಗುತ್ತೇನೆ.

ನಾಳೆ ನಿಮ್ಮ ವರ್ಷದ ತಿಥಿ ಎಂದು ಗೊತ್ತಿದೆ. ಅಡುಗೆ ಮಾಡಲು ಹೊತ್ತಿರುವುದಿಲ್ಲ, ಪುರೋಹಿತರಿಗೆ ಬರಬೇಡಿ ಎಂದಿದ್ದೇನೆ. ಫ್ರಿಜ್ಜಿನಲ್ಲಿ ಮೊನ್ನೆಯ ಹುಳಿಯನ್ನ ಇದೆ. ಕಾಗೆಗೆ ಅದನ್ನೇ ಇಡುತ್ತೇನೆ, ಬಿಸಿ ಮಾಡುವುದಿಲ್ಲ.

ವನಜ